ಹನ್ನೆರಡನೇ ಪುಟ, ಮೂರನೇ ಸಾಲು

ನಿಪ್ಪಾಣಿಯ ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ತಂಬಾಕಿನ ವಖಾರಿಯ ಮೇಲಿನ ಮಾಳಿಗೆಯಲ್ಲಿ ಚಂದ್ರಮತಿಬಾಯಿ ಮಗದುಮ್ ಅವರ ಟೈಪಿಂಗ್ ಕ್ಲಾಸ್ ಇತ್ತು. ಕೆಳಗೆ ತಂಬಾಕು ಹಸನು ಮಾಡುವ ದಿನಗಳಲ್ಲಿ ಮೇಲೆ ಕೂತವರು ಸೀನುತ್ತಲೇ ಟೈಪ್ ಮಾಡಬೇಕಾಗುತ್ತಿತ್ತು. ಸೀನಿನಿಂದ ತಪ್ಪು ಬಿದ್ದರೂ ಅದು ತಪ್ಪೇ, ಹಾಳೆ ಮತ್ತೆ ಮೊದಲಿನಿಂದ. ನಾನು ಅಲ್ಲಿ ಎರಡು ವರ್ಷ ಕಲಿತೆ, ಆಮೇಲೆ ಅವರ ಕೈಕೆಳಗೆ ಕಲಿಸಿದೆ. ಈಗ ಹೇಳುವುದರಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಅವರು ಆಮೇಲೆ ಹೇಳಿದ್ದು. ಆ ಮಾತು ತೆಗೆದಾಗಲೆಲ್ಲ ಅವರಿಗೆ ಸಿಟ್ಟು ಬರುತ್ತಿತ್ತು.

ಚಂದ್ರಮತಿಬಾಯಿಯ ತವರು ಬೇಡಕಿಹಾಳ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದವರು. ಮದುವೆಯಾಗಿ ನಿಪ್ಪಾಣಿಗೆ ಬಂದ ಮೇಲೆ ಮಾವನ ಟೈಪಿಂಗ್ ಕ್ಲಾಸಿನಲ್ಲಿ ಕೂತು ಕಲಿತು, ಮಾವ ಹೋದ ಮೇಲೆ ತಾವೇ ನಡೆಸಿದರು. ಇಂಗ್ಲಿಷಿನಲ್ಲಿ ನಿಮಿಷಕ್ಕೆ ಅರವತ್ತು ಪದ ಹೊಡೆಯುತ್ತಿದ್ದರು. ಹೊಡೆದದ್ದರ ಅರ್ಥ ಕೇಳಿದರೆ ಮಾತ್ರ, "ಅದನ್ನ ಬರದಾಂವ್ಗ ಕೇಳ್ರಿ, ನಾ ಹೊಡದಾಕಿ" ಅನ್ನುತ್ತಿದ್ದರು.

ತೊಂಬತ್ತೈದರ ಹೊತ್ತಿಗೆ ಕಲಿಯಲು ಬರುವವರು ಕಡಿಮೆಯಾದರು. ಕಂಪ್ಯೂಟರ್ ಇದೆಯಾ ಎಂದು ಕೇಳಿ ಮೆಟ್ಟಿಲಿನಿಂದಲೇ ವಾಪಸು ಹೋಗುತ್ತಿದ್ದರು. ಆಗ ಗಂಡ ಜಯಪಾಲ ಅವರು ಕೊಲ್ಹಾಪುರದ ಒಬ್ಬ ಅಂಗಡಿಯವನಿಂದ ಯಾರೋ ಬಳಸಿಬಿಟ್ಟ ಒಂದು ಕಂಪ್ಯೂಟರ್ ತಂದರು. ಜಯಪಾಲ ಅವರು ತಂಬಾಕಿನ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಲೆಕ್ಕ ಬರೆಯುವವರು, ಬಹಳ ಮೆತ್ತಗಿನ ಮನುಷ್ಯ. ಯಂತ್ರವನ್ನು ಕಿಟಕಿಯ ಪಕ್ಕ ಇಟ್ಟು, ಮೇಲೊಂದು ಹಳದಿ ವಸ್ತ್ರ ಹೊದಿಸಿ, "ನೀನ ಮೊದಲ ಕಲಿ, ಆಮ್ಯಾಗ ಮಂದಿಗಿ ಕಲಸೂನಂತ" ಎಂದರು. ಯಾರ ಹತ್ತಿರ ಕಲಿಯಬೇಕು ಎನ್ನುವುದನ್ನು ಹೇಳಲಿಲ್ಲ.

ಚಂದ್ರಮತಿಬಾಯಿ ದಿನಾ ಮಧ್ಯಾಹ್ನದ ಬ್ಯಾಚಿನವರನ್ನು ಟೈಪ್ ಮಾಡಲು ಹಚ್ಚಿ ಅದರ ಮುಂದೆ ಕೂತು, ಪರದೆಯ ಮೇಲೆ ಕಾಣುವ ಹೆಸರುಗಳನ್ನೆಲ್ಲ ಒಂದೊಂದಾಗಿ ಟೈಪ್ ಮಾಡಿ ಏನಾಗುತ್ತದೆ ಎಂದು ನೋಡುತ್ತಿದ್ದರು. ಹಾಗೆ ಒಂದು ಹೆಸರು ಹೊಡೆದಾಗ ಪರದೆ ಪೂರ್ತಿ ಬೆಳ್ಳಗಾಯಿತು. ಹಿಮ. ಹಿಮದಲ್ಲಿ ಮುರಿದುಬಿದ್ದ ಮನೆಗಳು, ಒಂದು ಗೋಡೆಯ ಹಿಂದೆ ಬೆರಳುಗಾತ್ರದ ಎಂಟು ಸಿಪಾಯಿಗಳು.

ಅದೊಂದು ಲಡಾಯಿಯ ಆಟ. ಹಿಂದಿನ ಮಾಲೀಕ ಅಳಿಸದೆ ಬಿಟ್ಟಿದ್ದ. ಎಂಟು ಜನ ನಮ್ಮವರು. ಪ್ರತಿ ಪಾಳಿಗೆ ಒಬ್ಬೊಬ್ಬನಿಗೂ ಇಷ್ಟೇ ಹೆಜ್ಜೆ ಎಂದು ಲೆಕ್ಕ. ಗುಂಡು ಹಾರಿಸಿದರೂ ಆ ಹೆಜ್ಜೆಗಳಲ್ಲೇ ಕಡಿತ. ನಮ್ಮ ಪಾಳಿ ಮುಗಿದ ಮೇಲೆ ವೈರಿಯ ಪಾಳಿ. ಆಗ ಕೈಕಟ್ಟಿ ನೋಡಬೇಕು ಅಷ್ಟೇ. ಸತ್ತವನು ಸತ್ತ, ಮುಂದಿನ ಕಾಳಗಕ್ಕೆ ಬರುವುದಿಲ್ಲ. ಒಂದು ಕಾಳಗ ಮುಗಿಯುವವರೆಗೆ ಆಟವನ್ನು ಉಳಿಸಿಡಲೂ ಆಗುವುದಿಲ್ಲ.

ಚೌಕಾಬಾರ ಬಿಟ್ಟರೆ ಬೇರೆ ಆಟ ಆಡದ ಚಂದ್ರಮತಿಬಾಯಿಗೆ ಇಷ್ಟು ತಿಳಿಯಲಿಕ್ಕೇ ಹದಿನೈದು ದಿನ ಬೇಕಾಯಿತು. ಪರದೆಯ ಮೇಲೆ ಬರುವ ಪ್ರತಿ ಇಂಗ್ಲಿಷ್ ಸಾಲನ್ನು ಹಾಳೆಗೆ ಇಳಿಸಿಕೊಂಡು, ನಿಘಂಟು ತೆಗೆದು ಪದಕ್ಕೆ ಪದ ಅರ್ಥ ಹಚ್ಚಿದರು. ಇಪ್ಪತ್ತು ವರ್ಷ ಇಂಗ್ಲಿಷ್ ಟೈಪ್ ಮಾಡಿದವರು ಮೊದಲ ಸಲ ಅದನ್ನು ಓದಿದ್ದು ಹಾಗೆ. ಅಷ್ಟಾದರೂ ಎಂಟೂ ಜನ ಮೊದಲ ಬೀದಿಯಲ್ಲೇ ಸಾಯುತ್ತಿದ್ದರು. ಎದುರಿಗೆ ನಾಲ್ಕು ಹೆಜ್ಜೆಯಲ್ಲಿ ನಿಂತ ವೈರಿಗೆ ಹೊಡೆದರೂ ಗುಂಡು ತಪ್ಪುತ್ತಿತ್ತು. ಅವನು ಊರಾಚೆಯಿಂದ ಹೊಡೆದರೆ ತಾಗುತ್ತಿತ್ತು. "ಇದು ಮೋಸ ಐತಿ, ಶುದ್ಧ ಮೋಸ!" ಎಂದು ಮೇಜಿಗೆ ಕೈ ಬಡಿದರೆ ನಾವು ಟೈಪ್ ಮಾಡುವವರು ಬೆಚ್ಚಿ ತಪ್ಪು ಹೊಡೆಯುತ್ತಿದ್ದೆವು.

ಆ ಮಧ್ಯಾಹ್ನದ ಬ್ಯಾಚಿಗೆ ರಾಜಾರಾಮ ಎಂಬವರು ಬರುತ್ತಿದ್ದರು. ಮಿಲಿಟರಿಯಿಂದ ನಿವೃತ್ತರಾದ ಹವಾಲ್ದಾರರು, ಬೇಡಕಿಹಾಳದವರೇ, ನಲವತ್ತೈದರ ಆಸುಪಾಸು. ಮಾಜಿ ಸೈನಿಕರ ಕೋಟಾದಲ್ಲಿ ಗುಮಾಸ್ತನ ಕೆಲಸಕ್ಕೆ ಅರ್ಜಿ ಹಾಕಿದ್ದರು. ನಿಮಿಷಕ್ಕೆ ಮೂವತ್ತು ಪದ ಬೇಕು, ಅವರದು ಹನ್ನೆರಡರ ಮೇಲೆ ಏರುತ್ತಿರಲಿಲ್ಲ. ಒಂದು ದಿನ ಅವರು ಎದ್ದು ಬಂದು ಪರದೆ ನೋಡಿದರು.

"ಬಾಯಿ, ಎಂಟೂ ಮಂದೀನ ಕುರಿಗತೆ ಒಂದ ಕಡೆ ಯಾಕ ನಿಲ್ಲಿಸೀರಿ? ಒಂದ ಬಾಂಬ್ ಬಿದ್ರ ಎಲ್ಲಾರೂ ಹೋಗ್ತಾರ್ರಿ."

"ನಿಮಗ ಗೊತ್ತಾಗ್ತೈತೇನ್ರಿ ಇದು?"

"ಇಪ್ಪತ್ತೊಂದ ವರ್ಷ ಮಿಲಿಟರ್ಯಾಗ ಇದ್ದಾಂವ್ರಿ ನಾ. ಎಪ್ಪತ್ತೊಂದರ ಲಡಾಯಿ ನೋಡೀನಿ. ಇಬ್ಬರು ಮುಂದ ಹೋಗೂಮುಂದ ಇಬ್ಬರು ಹಿಂದ ಬಂದೂಕ ಹಿಡದ ಕಾಯಬೇಕು. ಎಲ್ಲಾ ಹೆಜ್ಜಿ ಖರ್ಚ ಮಾಡಬ್ಯಾಡ್ರಿ."

ಹಾಗೆ ಆಡಿದಾಗ ಮೊದಲ ಕಾಳಗ ಗೆದ್ದರು. ಅಂದಿನಿಂದ ರಾಜಾರಾಮ ಅವರು ಅರ್ಧ ತಾಸು ಟೈಪ್ ಮಾಡಿ, ಇನ್ನರ್ಧ ತಾಸು ಬಾಯಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಹುಕುಂ ಕೊಡುವುದು ರೂಢಿಯಾಯಿತು. ಏಪ್ರಿಲ್ ಮುಗಿಯುವುದರೊಳಗೆ ಮೂರು ಕಾಳಗ ಗೆದ್ದರು, ಎಂಟೂ ಜನ ಜೀವಂತ.

ಮನೆ ಅದೇ ಮಾಳಿಗೆಯ ಹಿಂಭಾಗದಲ್ಲಿತ್ತು. ಅತ್ತೆ ಸೋನಾಬಾಯಿ ಒಮ್ಮೆ ಬಸದಿಯಿಂದ ಬಂದವರು ಬಾಗಿಲಲ್ಲೇ ನಿಂತು ಕೇಳಿದರು.

"ಏನ ಅದು ಢಂ ಢಂ? ಯಾರ್ನ ಕೊಲ್ಲಾಕತ್ತಿ, ಚಂದ್ರಮತಿ?"

"ಖರೆ ಮಂದಿ ಅಲ್ರಿ ಅತ್ತಿ. ಚಿತ್ರ."

"ಚಿತ್ರನ ಇರ್ಲಿ. ಗುಂಡ ಹೊಡಿಯೂಮುಂದ ನಿನ್ನ ಮನಸಿನ್ಯಾಗ ಏನ ಇರ್ತೈತಿ? ಆಂವ ಸಾಯ್ಲಿ ಅಂತ ಇರ್ತೈತೋ ಇಲ್ಲೋ? ಅದಕ್ಕ ಭಾವಹಿಂಸಾ ಅಂತಾರ. ಕೈಲೆ ಮಾಡಿದಷ್ಟ ಪಾಪ."

ಸೋನಾಬಾಯಿ ಆಟ ನಿಲ್ಲಿಸು ಎನ್ನಲಿಲ್ಲ. ಆದರೆ ಜೈನರ ದಶಲಕ್ಷಣ ಪರ್ವದ ಹತ್ತು ದಿನ ಆ ಯಂತ್ರ ಮುಟ್ಟಕೂಡದು ಎಂದು ಮಾತು ತೆಗೆದುಕೊಂಡರು. ಪರ್ವ ಇನ್ನೂ ನಾಲ್ಕು ತಿಂಗಳು ದೂರ ಇತ್ತು. ಸೊಸೆ ಸುಲಭವಾಗಿ ಒಪ್ಪಿದರು.

ನಾಲ್ಕನೆಯ ಕಾಳಗಕ್ಕೆ ಹೋಗುವಾಗ ಆಟ ಅಡ್ಡಗಾಲು ಹಾಕಿತು. ಹಿಮದ ಬದಲು ಪರದೆಯ ಮೇಲೆ ಒಂದು ಪ್ರಶ್ನೆ: ಕೈಪಿಡಿಯ ಮೂವತ್ತೇಳನೇ ಪುಟ, ಆರನೇ ಸಾಲು, ಎರಡನೇ ಪದ ಯಾವುದು? ಆಟದ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರಂತೆ. ಕೊಂಡುತಂದವನ ಬಳಿ ಅದು ಇರುತ್ತದೆ, ಕದ್ದು ನಕಲು ಮಾಡಿಕೊಂಡವನ ಬಳಿ ಇರುವುದಿಲ್ಲ. ಅದಕ್ಕೆ ಈ ಪರೀಕ್ಷೆ. ಮೂರು ಸಲ ಮೂರು ಬೇರೆ ಬೇರೆ ಪ್ರಶ್ನೆ. ಮೂರೂ ತಪ್ಪಿದರೆ ಆಟ ಮುಚ್ಚಿಕೊಳ್ಳುತ್ತದೆ.

"ನಾ ಯಾರದೂ ಕದ್ದಿಲ್ಲ. ಇದ್ದದ್ದನ್ನ ಆಡೀನಿ" ಎಂದು ಚಂದ್ರಮತಿಬಾಯಿ ಪರದೆಗೇ ಹೇಳಿದರು.

ಜಯಪಾಲ ಅವರನ್ನು ಕೊಲ್ಹಾಪುರಕ್ಕೆ ಕಳಿಸಿದರು. ಅಂಗಡಿಯವನು ಪುಸ್ತಕ ಎಂದರೆ ನಕ್ಕನಂತೆ. ಪರದೆಯಲ್ಲಿ ಕಾಣುತ್ತಿದ್ದ ಪರದೇಶದ ವಿಳಾಸಕ್ಕೆ ಒಂದು ಪತ್ರ ಟೈಪ್ ಮಾಡಿ ಕಳಿಸಿದರು. ಆರು ವಾರಕ್ಕೆ ಅದು ಆ ವಿಳಾಸದಲ್ಲಿ ಯಾರೂ ಇಲ್ಲ ಎಂಬ ಠಸ್ಸೆ ಹೊತ್ತು ಮರಳಿ ಬಂತು. ಬೇರೆ ಯಾರಾದರೂ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಚಂದ್ರಮತಿಬಾಯಿಗೆ ಬಿಡಲಿಕ್ಕಾಗಲಿಲ್ಲ. ಗೆದ್ದು ನಿಂತ ಎಂಟು ಜನರನ್ನು ಬಾಗಿಲಲ್ಲಿ ತಡೆದಿದ್ದಾರೆ ಎನ್ನುವುದು ಅವರನ್ನು ಊಟದ ಹೊತ್ತಿನಲ್ಲೂ ಕೊರೆಯುತ್ತಿತ್ತು.

ಅವರು ಒಂದು ನೋಟ್‌ಬುಕ್ ತೆಗೆದು, ಬಂದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳತೊಡಗಿದರು. ಎರಡು ವಾರದಲ್ಲಿ ಒಂದು ಸಂಗತಿ ಗೊತ್ತಾಯಿತು: ಪ್ರಶ್ನೆಗಳು ಇರುವುದೇ ಇಪ್ಪತ್ನಾಲ್ಕು, ಅವೇ ತಿರುಗಿ ತಿರುಗಿ ಬರುತ್ತವೆ. ಪ್ರತಿ ಪ್ರಶ್ನೆಗೂ ಒಂದೊಂದು ಪುಟ ಮೀಸಲಿಟ್ಟು, ಪ್ರತಿ ಸಲ ಒಂದೊಂದು ಪದ ಕೊಟ್ಟು, ತಪ್ಪಾದದ್ದಕ್ಕೆ ಅಡ್ಡಗೆರೆ ಎಳೆಯುತ್ತ ಹೋದರು. ಮೊದಲು ಟೈಪ್ ಮಾಡುವವರಿಗೆ ಪದೇ ಪದೇ ಸಿಗುವ ಸಣ್ಣ ಪದಗಳು. ಒಂದೂ ಹತ್ತಲಿಲ್ಲ. ಸಣ್ಣ ಪದ ಕೇಳುವಷ್ಟು ಆಟ ಮಾಡಿದವರು ದಡ್ಡರಲ್ಲ ಎಂದುಕೊಂಡು ಬಂದೂಕು, ವೈರಿ, ಗೋಡೆ, ಗಾಯ ಎಂಬಂಥ ಲಡಾಯಿಯ ಪದಗಳಿಗೆ ಬಂದರು. ಅವೂ ಹತ್ತಲಿಲ್ಲ.

ಜೂನ್ ಹೋಯಿತು, ಜುಲೈ ಬಂತು. ಮಳೆಗಾಲ ಹಿಡಿಯಿತು. ಆಟ ತೆರೆಯಲು ಒಂದು ಸಲಕ್ಕೆ ಎರಡು ನಿಮಿಷ, ಮೂರು ತಪ್ಪು, ಮತ್ತೆ ಮೊದಲಿನಿಂದ. ನಡುವೆ ಕರೆಂಟ್ ಹೋಗುತ್ತಿತ್ತು. ರಾಜಾರಾಮ ಅವರು ಸ್ಟೂಲಿನ ಮೇಲೆ ಕೂತು ಆಕಳಿಸುತ್ತಿದ್ದರು. "ಬಿಡ್ರಿ ಬಾಯಿ, ಇದೊಂದ ಕೀಲಿ. ಕೀಲಿಕೈ ನಮ್ಮ ಕಡೆ ಇಲ್ಲ" ಎಂದರೆ ಬಾಯಿ, "ನೀವ ಹೋಗಿ ಟೈಪ್ ಮಾಡ್ರಿ. ಹದಿನೆಂಟ ಪದಕ್ಕ ನಿಂತೀರಿ" ಎಂದು ಗದರುತ್ತಿದ್ದರು.

ಲಡಾಯಿಯ ಪದಗಳು ಮುಗಿದ ಮೇಲೆ ಅವರು ನಮ್ಮ ಟೈಪಿಂಗ್ ಅಭ್ಯಾಸದ ಪುಸ್ತಕ ತೆಗೆದರು. ಕೈಪಿಡಿ ಎಂದರೆ ಸೂಚನೆಗಳ ಪುಸ್ತಕ ತಾನೆ ಎಂದುಕೊಂಡು, ಅದರಲ್ಲಿನ ಸೂಚನೆಗಳ ಪಾಠವೊಂದರಿಂದ ಪದಗಳನ್ನು ಆರಿಸಿ ಕೊಡುತ್ತ ಹೋದರು. ಆಗಸ್ಟಿನ ಕೊನೆಯ ವಾರ, ಹನ್ನೆರಡನೇ ಪುಟ, ಮೂರನೇ ಸಾಲು, ನಾಲ್ಕನೇ ಪದ ಎಂದು ಆಟ ಕೇಳಿದಾಗ 'ಕೇರ್‌ಫುಲ್' ಎಂದು ಹೊಡೆದರು. ಪ್ರಶ್ನೆ ಮಾಯವಾಗಿ ಪರದೆ ಬೆಳ್ಳಗಾಯಿತು. ಎಂಟು ಜನ. ಮುಂದೆ ಕಪ್ಪು ನದಿ, ಅದರ ಮೇಲೆ ಒಂದು ಉದ್ದನೆಯ ಪೂಲು.

ಚಂದ್ರಮತಿಬಾಯಿ ಕೂಗಿದ ಕೂಗಿಗೆ ಕೆಳಗಿನ ವಖಾರಿಯಿಂದ ಇಬ್ಬರು ಹೆಂಗಸರು ಓಡಿ ಬಂದರು. ಅವರಿಗೆ ಏನೂ ಆಗಿಲ್ಲ ಎಂದು ಹೇಳಿ ಕಳಿಸಿ, ಬಾಯಿ ತಿರುಗಿ ಕೂರುವಷ್ಟರಲ್ಲಿ ಸೋನಾಬಾಯಿ ಒಳಗಿನಿಂದ ಬಂದರು.

"ನಾಳಿಂದ ಪರ್ವ ಐತಿ, ನೆನಪ ಐತಿಲ್ಲೋ?"

"ಅತ್ತಿ, ಇವತ್ತ ಈಗ ಬಾಗಲಾ ತೆರದೈತ್ರಿ! ನಾಕ ತಿಂಗಳಾತು."

"ಇವತ್ತಿಂದ ಇವತ್ತ ಆಡ್ಕೋ. ನಾಳೆ ಬ್ಯಾಡ."

ಆ ಹೊತ್ತಿಗೇ ಕರೆಂಟ್ ಹೋಯಿತು. ಸಂಜೆಯವರೆಗೂ ಬರಲಿಲ್ಲ. ಚಂದ್ರಮತಿಬಾಯಿ ಹತ್ತು ದಿನ ಹಳದಿ ವಸ್ತ್ರ ಸರಿಸಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರು, ಉಪವಾಸ ಮಾಡಿದರು, ದಿನಾ ಬಸದಿಗೆ ಹೋದರು. ಆದರೆ ಪ್ರವಚನದಲ್ಲಿ ಕೂತಾಗಲೂ ತಲೆಯಲ್ಲಿ ಪೂಲೇ ತುಂಬಿತ್ತು ಎಂದು ಅವರೇ ನನಗೆ ಹೇಳಿದರು. ಹತ್ತನೆಯ ದಿನ ಅತ್ತೆಗೆ, "ನೀವ ಬಿಡಸಿದ್ದ ಯಂತ್ರ ಅಷ್ಟ ಆತ್ರಿ, ಮನಸಿನ ಲಡಾಯಿ ನಡದ ಐತಿ" ಎಂದಾಗ ಸೋನಾಬಾಯಿ ನಿಟ್ಟುಸಿರು ಬಿಟ್ಟು, "ಹಂಗಾರ ಲಗೂನ ಮುಗಸ ಅದನ್ನ" ಎಂದರು.

ಪರ್ವ ಮುಗಿದ ಮೇಲೂ ಹನ್ನೆರಡನೇ ಪುಟದ ಪ್ರಶ್ನೆಯೇ ಬೀಳುವವರೆಗೆ ಆಟವನ್ನು ಹತ್ತು ಹನ್ನೆರಡು ಸಲ ಮುಚ್ಚಿ ತೆಗೆಯಬೇಕಾಗುತ್ತಿತ್ತು. ಕೊನೆಗೂ ಒಳಗೆ ಹೋದರು. ಹದಿನೈದು ಪಾಳಿಯೊಳಗೆ ಪೂಲು ದಾಟಬೇಕು, ಇಲ್ಲದಿದ್ದರೆ ಅದನ್ನು ಸ್ಫೋಟಿಸುತ್ತಾರೆ. ಆಚೆ ದಡದಲ್ಲಿ ಮಶೀನ್‌ಗನ್ನು. ಒಬ್ಬೊಬ್ಬರನ್ನೇ ಕಳಿಸಿದರೆ ಹೊತ್ತು ಸಾಲದು.

ರಾಜಾರಾಮ ಅವರು ಮೀಸೆ ತೀಡಿಕೊಂಡು ಹುಕುಂ ಕೊಟ್ಟರು. "ಒಮ್ಮೆಲೇ ಓಡಸ್ರಿ ಬಾಯಿ, ಎಂಟೂ ಮಂದೀನ. ಧಡಾಧಡ್. ವೈರಿ ಗಾಬರಿ ಆಗ್ತಾನ."

ಬಾಯಿ ಓಡಿಸಿದರು. ಪೂಲಿನ ನಟ್ಟನಡುವೆ ಎಲ್ಲರ ಹೆಜ್ಜೆಯೂ ಮುಗಿಯಿತು. ಮರೆ ಇಲ್ಲ, ಗೋಡೆ ಇಲ್ಲ. ವೈರಿಯ ಪಾಳಿ ಬಂತು. ಒಬ್ಬ, ಇನ್ನೊಬ್ಬ, ಮತ್ತೊಬ್ಬ. ಐದು ಜನ ಬಿದ್ದರು. ಮುಂದಿನ ಪಾಳಿಗೆ ಉಳಿದ ಮೂವರೂ ಹೋದರು.

ಚಂದ್ರಮತಿಬಾಯಿ ಎದ್ದು ನಿಂತರು. "ನೀವ ಹೇಳಿದ್ರಿ ಅಂತ ಓಡಿಸಿದೆ! ಖರೆ ಲಡಾಯಾಗ ಹಿಂಗ ಓಡಸ್ತಾರೇನ್ರಿ? ಹೇಳ್ರಿ ನೋಡೂಣು!"

ರಾಜಾರಾಮ ಅವರು ನೆಲ ನೋಡಿದರು. "ನನಗ ಗೊತ್ತಿಲ್ಲ ಬಾಯಿ" ಎಂದರು.

"ಗೊತ್ತಿಲ್ಲ ಅಂದ್ರ?"

"ನಾ ಲಡಾಯಿ ಕಂಡಿಲ್ಲ. ಪಠಾಣಕೋಟದಾಗ ಸ್ಟೋರಿನ್ಯಾಗ ಇದ್ದೆ. ಇಪ್ಪತ್ತೊಂದ ವರ್ಷ ಮಂದಿಗಿ ಬೂಟ, ಕಂಬಳಿ, ಬೆಲ್ಟ ಕೊಟ್ಟು ಸಹಿ ತಗೊಂಡೀನಿ. ಟ್ರೇನಿಂಗ್ ಬಿಟ್ರ ಒಂದ ಗುಂಡ ಹಾರಿಸಿಲ್ಲ."

"ಮತ್ತ ಇಷ್ಟ ದಿನಾ ನನಗ ಹೇಳಿದ್ದು?"

"ಟ್ರೇನಿಂಗ್‌ದಾಗ ಕೇಳಿದ್ದು ಒಂದೀಟು. ಉಳದದ್ದು ನಾನ ಹುಟ್ಟಿಸಿ ಹೇಳಕೋತ ಬಂದದ್ದು. ಊರಾಗ ಝೇಂಡಾ ಹಾರಸೂ ದಿನ ಸಾಲ್ಯಾಗ ಕರದ ಹಾರ ಹಾಕ್ತಾರ, ಲಡಾಯಿದ ಹೇಳ್ರಿ ಅಂತಾರ. ಏನ ಹೇಳ್ಲಿ ಬಾಯಿ? ಕಂಬಳಿ ಎಣಿಸಿದ್ದ ಹೇಳ್ಲಿ? ಹೇಳಿ ಹೇಳಿ ನನಗೂ ಖರೇನ ಅನಸಾಕತ್ತಿತ್ತು."

ಚಂದ್ರಮತಿಬಾಯಿ ಹಳದಿ ವಸ್ತ್ರ ತೆಗೆದು ಯಂತ್ರದ ಮೇಲೆ ಎಸೆದು ಒಳಗೆ ಹೋದರು. ರಾಜಾರಾಮ ಅವರು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು. ಎಂಟು ದಿನ ಆ ಕಡೆ ಸುಳಿಯಲಿಲ್ಲ.

ಬಾಯಿ ಆ ಎಂಟು ದಿನ, ಮೂರನೆಯ ಕಾಳಗದ ಕೊನೆಗೆ ಉಳಿಸಿಟ್ಟಲ್ಲಿಂದ ತಾವೊಬ್ಬರೇ ಮತ್ತೆ ಮತ್ತೆ ಆಡಿ ನಾಲ್ಕು ಸಲ ಸೋತರು. ನಿಧಾನವಾಗಿ ಹೋದರೆ ಪೂಲು ಸಿಡಿಯುತ್ತದೆ, ಓಡಿದರೆ ನಡುವೆ ಸಾಯುತ್ತಾರೆ. ಎರಡೇ ಎರಡು ಹೆಜ್ಜೆ ಹೆಚ್ಚಿದ್ದರೆ ಪೂಲಿನ ಕಮಾನಿನ ಮರೆಗೆ ಮುಟ್ಟುತ್ತಿದ್ದರು. ಆ ಎರಡು ಹೆಜ್ಜೆಗಾಗಿ ಅವರು ಗಂಡನ ಮೇಲೆ, ನಮ್ಮ ಮೇಲೆ, ಹಾಲಿನವನ ಮೇಲೆ ಹರಿಹಾಯ್ದರು.

ಒಂಬತ್ತನೆಯ ದಿನ ರಾಜಾರಾಮ ಅವರು ಬಂದರು. ಡಿಸೆಂಬರಿನಲ್ಲಿ ಪರೀಕ್ಷೆ ಇತ್ತು, ಬರದೆ ಗತಿ ಇರಲಿಲ್ಲ. ಯಾರ ಮುಖವನ್ನೂ ನೋಡದೆ ತಮ್ಮ ಮಶೀನಿನ ಮುಂದೆ ಕೂತರು. ಬಾಯಿ ಕಾಳಗಕ್ಕೆ ಹೊರಡುವ ಮೊದಲಿನ ಪರದೆ ತೆರೆದುಕೊಂಡು ಕೂತಿದ್ದರು. ಪ್ರತಿ ಸಿಪಾಯಿಯ ಚೀಲದೊಳಗೆ ಏನೇನಿದೆ ಎಂದು ಅದರಲ್ಲಿ ಕಾಣುತ್ತದೆ. ನೀರು ಕುಡಿಯಲು ಎದ್ದ ರಾಜಾರಾಮ ಅವರ ಕಣ್ಣು ಅದರ ಮೇಲೆ ಬಿತ್ತು. ಅವರು ಲೋಟ ಹಿಡಿದೇ ನಿಂತರು.

"ಇಷ್ಟ ಸಾಮಾನ ಇವ್ರಿಗಿ ಯಾರ ಕೊಟ್ರು?"

"ನಾನ" ಎಂದರು ಬಾಯಿ ಬಿರುಸಾಗಿ. "ಯಾವಾಗ ಏನ ಬೇಕಾಗ್ತೈತೋ ಅಂತ, ಇದ್ದದ್ದ ಎಲ್ಲಾ ಹಾಕೀನಿ."

"ಬಾಯಿ, ಒಬ್ಬೊಬ್ಬಾಂವ್ಗ ಎರಡೆರಡ ಬಂದೂಕ, ಹಗ್ಗ, ಸಲಿಕಿ, ನಾಕ ದಿನದ ರೇಶನ್! ಪೂಲ ದಾಟಾಕ ಸಲಿಕಿ ಯಾತಕ್ಕ? ಹಿಂತಾ ಭಾರ ಹೊತ್ತ ಯಾಂವ ಓಡ್ತಾನ್ರಿ? ಸರೀರಿ ಒಂದೀಟು. ಇದು ನನ್ನ ಕೆಲಸ."

ಅವರು ಸ್ಟೂಲ್ ಎಳೆದುಕೊಂಡು ಕೂತರು. ಆ ದಿನ ಅವರ ದನಿಯಲ್ಲಿ ಹವಾಲ್ದಾರನ ಠೀವಿ ಇರಲಿಲ್ಲ, ಅಂಗಡಿಯಲ್ಲಿ ಕೂತವನ ನಿಧಾನ ಇತ್ತು. ಇವನಿಗೆ ಇದು ಬೇಡ, ಅವನಿಗೆ ಅದು ಸಾಕು ಎಂದು ಎಂಟೂ ಚೀಲ ಬಿಚ್ಚಿಸಿದರು. ಒಬ್ಬನಿಗೆ ಮಾತ್ರ ದೊಡ್ಡ ಬಂದೂಕು ಉಳಿಸಿದರು. ಒಂದೊಂದು ಸಾಮಾನು ಇಳಿದಂತೆ ಚೀಲದ ಪಕ್ಕದ ಸಣ್ಣ ಅಂಕಿ ಏರುತ್ತ ಹೋಯಿತು. ಒಂಬತ್ತು ಹೆಜ್ಜೆ ಇದ್ದದ್ದು ಹನ್ನೆರಡಾಯಿತು. ಆರು ತಿಂಗಳಿನಿಂದ ಕಣ್ಣೆದುರೇ ಇದ್ದ ಆ ಅಂಕಿಯನ್ನು ಚಂದ್ರಮತಿಬಾಯಿ ಗಮನಿಸಿರಲೇ ಇಲ್ಲ.

"ಇದನ್ನ ಏಪ್ರಿಲ್‌ದಾಗ ಹೇಳಾಕ ಏನಾಗಿತ್ರಿ ನಿಮಗ?"

"ಏಪ್ರಿಲ್‌ದಾಗ ನಾ ಲಡಾಯಿ ಮಾಡಿದಾಂವ ಇದ್ದೆ ಬಾಯಿ. ಚೀಲ ಯಾಕ ನೋಡ್ಲಿ?"

ಅಂದು ಹದಿನಾಲ್ಕನೆಯ ಪಾಳಿಗೆ ಆರು ಜನ ಪೂಲು ದಾಟಿದರು. ಇಬ್ಬರು ದಾಟಲಿಲ್ಲ. ಆಚೆಯ ಮಶೀನ್‌ಗನ್ನು ಸುಮ್ಮನಾಯಿತು. ಬಾಯಿ ಸೆರಗಿನಿಂದ ಕತ್ತು ಒರೆಸಿಕೊಂಡರು. ನಾವೆಲ್ಲ ಮಶೀನು ಬಿಟ್ಟು ಹಿಂದೆ ನೆರೆದಿದ್ದೆವು. ಪರದೆ ಕಪ್ಪಾಯಿತು, ಮತ್ತೆ ಬೆಳ್ಳಗಾಗುವುದನ್ನೇ ಕಾಯುತ್ತ ನಿಂತೆವು. ಬೆಳ್ಳಗಾಗಲಿಲ್ಲ. ಒಂದೇ ಒಂದು ಸಾಲು ಬಂತು: ಮೂರನೆಯ ಡಿಸ್ಕ್ ಹಾಕಿರಿ.

ಈ ಸಲ ಚಂದ್ರಮತಿಬಾಯಿ ತಾವೇ ಕೊಲ್ಹಾಪುರದ ಬಸ್ ಹತ್ತಿದರು. ನಾನೂ ಜೊತೆಗೆ ಹೋದೆ. ಅಂಗಡಿಯವನು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದ, ಆ ಆಟವನ್ನು ಹಲವರ ಯಂತ್ರಕ್ಕೆ ತಾನೇ ಹಾಕಿಕೊಟ್ಟದ್ದು, ಆದರೆ ತನಗೆ ಬಂದದ್ದು ಎರಡೇ ಡಿಸ್ಕ್, ಮೂರನೆಯದನ್ನು ತಾನು ಕಂಡೇ ಇಲ್ಲ, ಯಾರೂ ಅಷ್ಟು ದೂರ ಆಡಿ ಬಂದು ಕೇಳಿದ್ದೂ ಇಲ್ಲ. ಊರಲ್ಲಿ ಇನ್ನೆರಡು ಅಂಗಡಿ ಅಲೆದೆವು. ವಾಪಸು ಬರುವಾಗ ಕಾಗಲ್ ದಾಟಿದ ಮೇಲೆ ಅವರು, "ಪುಸ್ತಕ ಇಲ್ಲಂದ್ರ ಪದಾ ಹುಡಕಬೌದಿತ್ತು. ಡಿಸ್ಕ್ ಎಲ್ಲಿಂದ ಹುಡಕ್ಲಿ?" ಎಂದರು. ಕಣ್ಣಲ್ಲಿ ನೀರಿತ್ತು. ನನಗೆ ನಗಬೇಕೋ ಸಮಾಧಾನ ಹೇಳಬೇಕೋ ತಿಳಿಯಲಿಲ್ಲ.

ಉಳಿದ ಸಿಟ್ಟನ್ನೆಲ್ಲ ಅವರು ರಾಜಾರಾಮ ಅವರ ಟೈಪಿಂಗ್ ಮೇಲೆ ತೀರಿಸಿದರು. ದಿನಾ ಎರಡು ತಾಸು ಕೂರಿಸಿದರು, ಸ್ಟೂಲನ್ನು ಎತ್ತಿ ಒಳಗಿಟ್ಟರು. ಡಿಸೆಂಬರಿನಲ್ಲಿ ಆ ಮನುಷ್ಯ ಮೂವತ್ತೆರಡು ಪದ ಹೊಡೆದು ಪಾಸಾದರು. ಚಿಕ್ಕೋಡಿಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಶಾಲೆಯಲ್ಲಿ ಹಾರ ಹಾಕಲು ಕರೆದಾಗ, ತಾನು ಸ್ಟೋರಿನಲ್ಲಿ ಇದ್ದವನು ಎಂದು ಹೇಳಿ ಕೂತುಬಿಟ್ಟರಂತೆ. ಊರವರು ಒಂದಷ್ಟು ದಿನ ಆಡಿಕೊಂಡರು.

ಚಂದ್ರಮತಿಬಾಯಿ ತೊಂಬತ್ತಾರರಲ್ಲಿ ಕಂಪ್ಯೂಟರ್ ಕ್ಲಾಸ್ ಶುರು ಮಾಡಿದರು. ಪರದೆಯಲ್ಲಿ ಯಾವ ಇಂಗ್ಲಿಷ್ ಸಾಲು ಬಂದರೂ ಅದರ ಅರ್ಥ ಕನ್ನಡದಲ್ಲೂ ಮರಾಠಿಯಲ್ಲೂ ಬಿಡಿಸಿ ಹೇಳುವವರು ಆಗ ಊರಲ್ಲಿ ಅವರೊಬ್ಬರೇ. ರಾಯಬಾಗದಿಂದಲೂ ಹುಡುಗಿಯರು ಬಂದು ಕಲಿತರು. ತೊಂಬತ್ತೆಂಟರಲ್ಲಿ ಯಂತ್ರದಲ್ಲಿ ಜಾಗ ಸಾಲದೆ ಜಯಪಾಲ ಅವರು ಹೆಂಡತಿಯನ್ನು ಕೇಳದೆ ಆ ಆಟವನ್ನು ಅಳಿಸಿಬಿಟ್ಟರು. ಅವರು ಎರಡು ದಿನ ಗಂಡನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಹೊಸ ಬ್ಯಾಚ್ ಇತ್ತು. ಹದಿನಾಲ್ಕು ಮಂದಿ ಹೆಸರು ಹಚ್ಚಿದ್ದರು, ಕೂರಲು ಜಾಗವಿರಲಿಲ್ಲ. "ಏನ್ರಿ, ಕೆಳಗಿಂದ ಎರಡ ಬೆಂಚ ತರ್ತೀರೋ ಇಲ್ಲೋ?" ಎಂದು ಬಾಯಿಯೇ ಮೊದಲು ಮಾತಾಡಬೇಕಾಯಿತು. ಅದಕ್ಕೂ ಅವರಿಗೆ ಸಿಟ್ಟಿತ್ತು.